ಕಲ್ಲುಬಾನಿಯ ಹಳದಿ ಹೂವು

ನಮ್ಮತ್ತೆ ಜಿನಮತಿಯವರಿಗೆ ಸೊಸೆಗಿಂತ ಹೂವು ಹೆಚ್ಚು. ಹೇಳಲು ನನಗೇನು ಭಯ? ತಮ್ಮ ತವರೂರು ಆಜರಾದ ಭತ್ತದ ಗದ್ದೆಯ ನೀರಿನಲ್ಲಿ ತೇಲುವ ಹಳದಿ ಹೂವಿನ ಬಳ್ಳಿಯೊಂದನ್ನು ಅಲ್ಲಿಂದ ಬರುವಾಗ ತಂಬಿಗೆಯಲ್ಲಿ ಹಾಕಿಕೊಂಡು ತಂದು, ಗಡಹಿಂಗ್ಲಜದ ನಮ್ಮ ಹಿತ್ತಲಿನ ಕಲ್ಲುಬಾನಿಯಲ್ಲಿ ಬಿಟ್ಟಿದ್ದರು. ಬೇರಿಲ್ಲ, ಮಣ್ಣು ಬೇಡ, ನೀರಿನಲ್ಲೇ ಹಬ್ಬಿತು. "ಏನ್ ಛಲೋ ಅರಳೈತಿ ನೋಡ ಬಾ ರಾಜಮತಿ" ಎಂದು ದಿನಾ ಬೆಳಗ್ಗೆ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಿದ್ದರು. ಇತ್ತ ಹಂಚಿನ ಮೇಲೆ ಜೋಳದ ಭಕ್ಕರಿ ಸೀದರೆ ಅವರಿಗೇನು!

ನಾವು ಜೈನರು ನೀರನ್ನು ಅರಿವೆಯಲ್ಲಿ ಸೋಸಿಯೇ ಕುಡಿಯುವವರು. ಅರಿವೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಮತ್ತೆ ಬಾವಿಗೇ ಬಿಡಬೇಕು, ಅದು ರೂಢಿ. ಅತ್ತೆಗೆ ಅಷ್ಟೂ ಸಾಲದು. "ಅಷ್ಟ ಮ್ಯಾಲಿಂದ ಬಿದ್ರ ಬಡಕೊಂಡು ಸಾಯ್ತಾವವ್ವಾ. ಹೂವಿನ ನೀರಾಗ ತಣ್ಣಗ ಇರ್ಲಿ" ಎಂದು ಅರಿವೆಯನ್ನು ಬಾನಿಯಲ್ಲೇ ಜಾಲಾಡುತ್ತಿದ್ದರು. ಸಾಯುವತನಕ ತಮ್ಮ ಕೈಯಿಂದ ಒಂದು ಜೀವವೂ ಹೋಗಬಾರದು ಎಂಬುದೊಂದೇ ಅವರ ಆಸೆ. ಇರುವೆ ಸಾಲು ಕಂಡರೆ ದಾರಿ ಬಿಟ್ಟು ನಡೆಯುವ ಹೆಂಗಸು.

೧೯೩೮ರ ಭಾದ್ರಪದ. ಹತ್ತು ದಿನ ಉಪವಾಸ ಹಿಡಿಯುವ ನಮ್ಮ ದಶಲಕ್ಷಣ ಪರ್ವಕ್ಕೆಂದು ಮೈದುನ ಸುಕುಮಾರ ಕೊಲ್ಲಾಪುರದ ಕಾಲೇಜಿನಿಂದ ಬಂದ. ಜೇಬಿನಲ್ಲೊಂದು ಭೂತಗನ್ನಡಿ, ಕಂಡದ್ದನ್ನೆಲ್ಲ ಅದರಲ್ಲಿ ನೋಡುವ ಹುಚ್ಚು. ಬಾನಿಯಿಂದ ಬಳ್ಳಿಯನ್ನು ಎತ್ತಿ ನೋಡಿದವನು ಬಾಯಿ ಬಿಟ್ಟುಕೊಂಡು ನಿಂತ.

"ವೈನಿ, ಲಗೂನ ಬರ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ."

ನೋಡಿದೆ. ಬಳ್ಳಿಯ ತುಂಬ ಸಾಸಿವೆಯಷ್ಟು ಚೀಲಗಳು. ಒಂದೊಂದರೊಳಗೂ ಕಪ್ಪಗೆ ಸತ್ತ ಹುಳ. ಒಂದು ಚೀಲದ ಬಾಯಲ್ಲಿ ಸೊಳ್ಳೆಮರಿ ಸಿಕ್ಕಿತ್ತು. ತಲೆ ಒಳಗೆ, ಬಾಲ ಹೊರಗೆ, ಇನ್ನೂ ಒದ್ದಾಡುತ್ತಿತ್ತು. ಅಯ್ಯೋ ಜಿನದೇವಾ! ಹೂವಿನ ಗಿಡ ಜೀವ ತಿನ್ನುತ್ತದೆಯೇ?

"ಏನೈತೋ ಅದ್ರಾಗ?"

ಅತ್ತೆ ಹಿಂದೆಯೇ ನಿಂತಿದ್ದರು. ಸುಕುಮಾರ ಕನ್ನಡಿ ಬಚ್ಚಿಡಲು ಹೋದ. ಅವರು ಕಸಿದುಕೊಂಡು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಉಪವಾಸದಿಂದ ಮೊದಲೇ ಬಾಡಿದ್ದ ಮುಖದಲ್ಲಿ ಒಂದು ಹನಿ ರಕ್ತ ಉಳಿಯಲಿಲ್ಲ. ಬಾನಿಯ ಅಂಚು ಹಿಡಿದು ಕುಸಿದು ಕುಳಿತರು.

"ನೀವ್ ಗೊತ್ತಿದ್ದು ಮಾಡಿಲ್ಲಲ್ರಿ, ಅತ್ತಿ" ಎಂದೆ.

ಸುಕುಮಾರ ಸಿಟ್ಟಿನಿಂದ ಬಳ್ಳಿಯನ್ನು ಬಾಚಿ ಬಿಸಿಲಿಗೆ ಎಸೆಯಲು ಕೈ ಎತ್ತಿದ. ಅತ್ತೆ ಅವನ ಮಣಿಕಟ್ಟು ಹಿಡಿದುಕೊಂಡರು.

"ಅದನ್ಯಾಕ ಕೊಲ್ತಿ? ಅದಕ್ಕ ಹಸಿವು, ಅದು ತಿಂತು. ದಿನಾ ಅರಿವ್ಯಾಗಿನ ಜೀವಾ ಜ್ವಾಕಿಲೆ ತಂದು ಅದರ ಬಾಯಾಗ ಹಾಕಿದಾಕಿ ನಾನಪ್ಪಾ."