ಗೋರಂಟಿ ಹಚ್ಚಿದ ಉಗುರು

ದೇವಿಂದ್ರನಿಗೆ ಆತುರ ಹುಟ್ಟುಗುಣ. ಶಹಾಪುರದ ಬಾಡಿಗೆ ಮಳಿಗೆಯೊಂದರಲ್ಲಿ ಕೂತು, ಸೂಜಿ ಚುಚ್ಚದೆ, ಉಗುರಿನ ಕೆಂಪು ನೋಡಿಯೇ ಮೈಯಲ್ಲಿ ರಕ್ತ ಎಷ್ಟಿದೆಯೆಂದು ಹೇಳುವ ಯಂತ್ರ ಮಾಡಿದ್ದ. ಅಂಗೈಯಗಲದ ಡಬ್ಬಿ, ಬೆರಳು ತೂರಿಸಿದರೆ ಅಂಕಿ ಮೂಡುತ್ತಿತ್ತು. ದವಾಖಾನೆಯ ಸಾಮಾನೆಲ್ಲ ಹೊರದೇಶದಿಂದಲೇ ಯಾಕೆ ಬರಬೇಕು, ಕಾಲುವೆ ಬದಿಯ ಊರಿನವನ ಕೈಲಿ ಆಗುವುದಿಲ್ಲವೇ ಎಂಬುದು ಅವನ ಹಟ. ಹಟ ತಪ್ಪಲ್ಲ ಬಿಡಿ. ಹೈದರಾಬಾದಿನ ಕಂಪನಿಯೊಂದು ದೇಶಕ್ಕೆಲ್ಲ ಮಾರುತ್ತೇವೆಂದು ಮುಂದೆ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪಾಲುದಾರ ಜಲಾಲುದ್ದೀನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ಪಳಗಿದವನು. ಅವನು ತಡೆದ.

"ಕಾಲೇಜ್ ಹುಡುಗ್ರ ಬೆರಳಷ್ಟ ನೋಡೀವಿ. ಹೊಲಕ್ಕ ಹೋಗೋ ಹೆಣ್ಮಕ್ಕಳದು ನೋಡೇ ಇಲ್ಲ. ಒಂದು ಹಂಗಾಮ ತಡಿ, ದೇವಿಂದ್ರ."

"ನಾವು ತಡದ್ರ ಚೀನಾದವ್ರು ತಡೀತಾರೇನು ಜಲಾಲಣ್ಣ? ಮೊದ್ಲು ಮಾಲು ಹೋಗ್ಲಿ, ಆಮ್ಯಾಲ ನೋಡಿದ್ರಾತು."

ಜಲಾಲುದ್ದೀನ ಒಪ್ಪಿಬಿಟ್ಟ. ಒಪ್ಪಬಾರದಿತ್ತು.

ಪಂಚಮಿ ಬಂತು. ಬೋನಾಳಕ್ಕೆ ಕೊಟ್ಟ ತಂಗಿ ಮೋನಮ್ಮನನ್ನು ದೇವಿಂದ್ರ ದೋರನಹಳ್ಳಿಯ ತವರಿಗೆ ಕರೆತಂದ. ಏಳು ತಿಂಗಳ ಬಸುರಿ, ಆದರೂ ನೆಲ್ಲು ನಾಟಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಶೇಂಗಾದ ಉಂಡಿ ಕಡಿಯುತ್ತಾ ಹೇಳಿದಳು: "ನಡದ್ರ ದಮ್ಮು ಹತ್ತಾಕತ್ತದಣ್ಣ. ಆಶಾ ಕಾರ್ಯಕರ್ತಿ ಕರೆಮ್ಮ ದವಾಖಾನಿಗಿ ಹೋಗಿ ರಕ್ತ ತೋರಿಸ್ಕೊ ಅಂತಾಳ. ನನಗ ಸೂಜಿ ಅಂದ್ರ ಜೀವಾನ ಹೋಗ್ತದ."

"ಅಣ್ಣನ ಮಷಿನ್ ಇರೂತನ ನಿನಗ್ಯಾಕ ಸೂಜಿ? ಬೆರಳ ಇಡು."

ಹನ್ನೆರಡು ಎಂದು ಮೂಡಿತು. ಅವಳ ಮುಖ ಅರಳಿತು.

"ಭರ್ತಿ ರಕ್ತ ಅದ. ಎಲ್ಲೂ ಹೋಗಬ್ಯಾಡ," ಎಂದ ದೇವಿಂದ್ರ. ಎದೆಯುಬ್ಬಿಸಿಕೊಂಡು ಓಣಿಯವರಿಗೂ ಅಂಕಿ ತೋರಿಸಿದ. ಮೋನಮ್ಮ ದವಾಖಾನೆಯತ್ತ ತಲೆ ಹಾಕಲಿಲ್ಲ. ಕರೆಮ್ಮ ಮತ್ತೆ ಕೇಳಿದರೆ, "ನಮ್ಮಣ್ಣ ನೋಡ್ಯಾನ" ಎಂದು ಅವಳ ಬಾಯಿ ಮುಚ್ಚಿಸಿದಳು.

ದಸರೆಯ ಹೊತ್ತಿಗೆ ಹೆರಿಗೆಯಾಯಿತು. ಅವಳ ಜೀವ ಉಳಿಯಿತು, ಕೂಸು ಉಳಿಯಲಿಲ್ಲ. "ಮೈಯಾಗ ರಕ್ತಾನೇ ಇಲ್ಲಲ್ರಿ, ಯಾರೂ ನೋಡ್ಲಿಲ್ಲೇನು?" ಎಂದು ಡಾಕ್ಟರು ಗದರಿದಾಗ ದೇವಿಂದ್ರ ಹಾಸಿಗೆಯ ಮೇಲಿದ್ದ ತಂಗಿಯ ಕೈ ನೋಡಿದ. ಉಗುರಿನ ತುದಿಯ ಅರ್ಧ ಕೆಂಪು. ಪಂಚಮಿಯಿಂದೀಚೆಗೆ ಬೆಳೆದ ಬುಡದ ಅರ್ಧ ಸುಣ್ಣದ ಹಾಗೆ ಬಿಳಿ.

ಗೋರಂಟಿ! ಕಾಲುವೆ ಬಂದು ನೆಲ್ಲು ಶುರುವಾದಾಗಿನಿಂದ ನಾಟಿಗೆ ಇಳಿಯುವ ಹೆಣ್ಣುಮಕ್ಕಳು, ಕೆಸರಿಗೆ ಉಗುರು ಕೊಳೆಯದಿರಲೆಂದು ಗೋರಂಟಿ ಅರೆದು ಕಟ್ಟಿಕೊಳ್ಳುತ್ತಾರೆ. ಅವನ ತಾಯಿಯೂ ಕಟ್ಟಿಕೊಳ್ಳುತ್ತಿದ್ದಳು. ಎಲೆ ಹರಿದು ತಂದುಕೊಡುತ್ತಿದ್ದವನು ಅವನೇ. ಯಂತ್ರ ಆ ಬಣ್ಣವನ್ನೇ ರಕ್ತವೆಂದು ಹೇಳಿತ್ತು. ಬೆಂಗಳೂರಿನವನಿಗೆ ತಿಳಿಯದಿದ್ದರೆ ಮನ್ನಿಸಬಹುದು. ಇವನಿಗೇನಾಗಿತ್ತು?

ಮುಚ್ಚಿಡಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. ಅಲ್ಲೇ ಕೂತು ತಂಗಿಗೆ ಎಲ್ಲ ಹೇಳಿದ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಕಂಪನಿಗೆ ಹೊರಟಿದ್ದ ಮಾಲನ್ನು ದೇವಿಂದ್ರ ತಡೆದ. ಕಣ್ಣಿನ ಕೆಳರೆಪ್ಪೆಯ ಒಳಗಿನ ಕೆಂಪು ನೋಡುವಂತೆ ಯಂತ್ರವನ್ನು ಬದಲಿಸಿದ. ಈ ಸಲ ಜಲಾಲುದ್ದೀನ ಹೇಳಿದಂತೆಯೇ ಊರೂರು ತಿರುಗಿ, ನಾಟಿಯ ಹೆಂಗಸರ ರಕ್ತವನ್ನು ಸೂಜಿಯಿಂದಲೂ ತೆಗೆದು ತಾಳೆ ನೋಡಿದರು. ಕಂಪನಿಯವರು ಒಪ್ಪಿ ಮೆಚ್ಚಿದರು. ಮೆಚ್ಚುಗೆಯ ಮಾತು ಕೇಳುವಾಗಲೆಲ್ಲ ದೇವಿಂದ್ರನಿಗೆ ಆ ಕೂಸಿನ ನೆನಪಾಗಿ ಸಂಕಟವಾಗುತ್ತಿತ್ತು. ಒಂದು ಹಂಗಾಮು ಮೊದಲೇ ಇದನ್ನೆಲ್ಲ ಮಾಡಬಹುದಿತ್ತು.

ಮತ್ತೆ ಪಂಚಮಿ. ತಂಗಿ ಬರಲಿಕ್ಕಿಲ್ಲ ಎಂದುಕೊಂಡೇ ಬೋನಾಳಕ್ಕೆ ಹೋದ. ಮೋನಮ್ಮ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮತ್ತೆ ಮೂರು ತಿಂಗಳ ಬಸುರಿ. ಅಣ್ಣನನ್ನು ಕಂಡವಳೇ ಕೈ ಚಾಚಿದಳು. ಉಗುರಿನ ಸಂದಿಗಳು ಕೆಸರಿಗೆ ಕೊಳೆತು ಬಾತಿದ್ದವು.

"ಈ ಸರ್ತಿ ಗೋರಂಟಿ ಹಚ್ಕೊಂಡಿಲ್ಲಣ್ಣ. ನಿನ್ನ ಮಷಿನ್ ತಪ್ಪಬಾರ್ದು. ನೋಡು."

ಹೊಸ ಯಂತ್ರಕ್ಕೆ ಬೆರಳು ಬೇಕಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ಯಂತ್ರವನ್ನು ಹೊರಗೂ ತೆಗೆಯಲಿಲ್ಲ.

"ಮೊದ್ಲು ದವಾಖಾನಿಗಿ ನಡಿ, ತಂಗಿ. ಸೂಜಿ ಚುಚ್ಚೋತನ ನಾ ಕೈ ಹಿಡ್ಕೋತೀನಿ," ಎಂದ.

ಮೋನಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.