ಮುಟ್ಟಬೇಡ ಎಂದಿದ್ದ ಸೀಟು

ಶಿವಾಜಿನಗರದ ಗುಜರಿ ಬೀದಿಯಲ್ಲಿ ಗಯಾಜನ ಅಂಗಡಿ ಎಲ್ಲಿ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಏರೋಪ್ಲೇನ್ ಅಂಗಡಿ ಎಂದು ಕೇಳಿ, ಕೈ ಹಿಡಿದು ಬಿಟ್ಟು ಬರುತ್ತಾರೆ. ಹಾಗೆಂದು ಅಲ್ಲಿ ಏರೋಪ್ಲೇನ್ ಮಾರುತ್ತಾರೆ ಅಂದುಕೊಂಡೀರಿ ಮತ್ತೆ. ಮಾರುವುದು ಅಂಬಾಸಿಡರಿನ ಬಾಗಿಲು, ಹಳೇ ಜೀಪಿನ ರೇಡಿಯೇಟರು, ಯಾವ ಗಾಡಿಯದೆಂದು ಗಾಡಿಯ ಕಂಪನಿಗೂ ಮರೆತುಹೋದ ಗೇರುಬಾಕ್ಸು. ಏರೋಪ್ಲೇನಿನ ಸಾಮಾನೆಲ್ಲ ಒಳಕೋಣೆಯಲ್ಲಿ. ಅದು ಮಾರುವುದಕ್ಕಲ್ಲ, ಗಯಾಜ್ ನೋಡಿಕೊಂಡು ಕೂರುವುದಕ್ಕೆ.

ಅರವತ್ತು ದಾಟಿದ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಹೆಂಡತಿ ನೂರ್ಜಹಾನ್ ಹಣೆ ಹಣೆ ಚಚ್ಚಿಕೊಂಡು ಸುಸ್ತಾಗಿದ್ದಳು. ಹುಚ್ಚು ಹಿಡಿಸಿದವರು ಅವನ ಅಬ್ಬಾ. ಶುಕ್ರವಾರದ ನಮಾಜು ಮುಗಿಸಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಹಲಸೂರು ದಾಟಿಸಿ, ಇಂದಿರಾನಗರವಿನ್ನೂ ಸರಿಯಾಗಿ ಇಂದಿರಾನಗರ ಆಗಿರದ ಕಾಲದಲ್ಲಿ ಅಲ್ಲಿನ ಬಯಲಿಗೆ ಕರೆದೊಯ್ಯುತ್ತಿದ್ದರು. ಹಳೇ ಏರ್‌ಪೋರ್ಟಿನಿಂದ ಎದ್ದ ಫೈಟರು ತಲೆಯ ಮೇಲೆ ಹಾದರೆ ನೆಲ ಅದುರಿ, ಎದೆಗೂಡೊಳಗೆ ಏನೋ ಕಿತ್ತುಕೊಂಡು ಹೋದಂತಾಗುತ್ತಿತ್ತು. ಮಗು ಹೆದರಿ ಅಬ್ಬಾನ ಅಂಗಿ ಹಿಡಿಯುತ್ತಿತ್ತು. ಮುಂದಿನ ಶುಕ್ರವಾರ ಮತ್ತೆ ಹೋಗೋಣ ಎಂದು ಅದೇ ಪೀಡಿಸುತ್ತಿತ್ತು. ಯುದ್ಧ ಗಿದ್ಧ ಗಯಾಜನಿಗೆ ಬೇಕಿರಲಿಲ್ಲ. ಒಬ್ಬನೇ ಒಬ್ಬ ಮನುಷ್ಯ ಅಷ್ಟು ಬೆಂಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಆಕಾಶಕ್ಕೆ ಹೋದನಲ್ಲ, ಅವನ ಕೈ ಮುಟ್ಟಿದ ಕಬ್ಬಿಣ ತನ್ನ ಹತ್ತಿರ ಇದೆಯಲ್ಲ ಎನ್ನುವುದೇ ಸಾಕಾಗಿತ್ತು.

ಆ ಕಬ್ಬಿಣಕ್ಕೆ ಇನ್ನೊಬ್ಬ ಸೇವಕನಿದ್ದ, ಅಮರಪ್ಪ. ಯಾದಗಿರಿ ಕಡೆಯವನು. ಹೆಂಡತಿ ಸಾಬಮ್ಮನ ಜೊತೆ ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು, ಮೀಸೆ ಕಪ್ಪಗಿದ್ದಾಗಿನಿಂದ ಗಯಾಜನ ಅಂಗಡಿಯಲ್ಲೇ ಕೆಲಸ. ಇಬ್ಬರ ನಡುವೆ ಒಂದು ಆಟವಿತ್ತು. ವಿಮಾನದ ಗಡಿಯಾರವೋ ಚಕ್ರವೋ ಬಂದ ದಿನ ಗಯಾಜ್ ಮುಖ ಗಂಟಿಕ್ಕಿಕೊಂಡು, “ಇದನ್ನ ಮುಟ್ಬೇಡ,” ಎನ್ನುತ್ತಿದ್ದ. “ಮುಟ್ಟಂಗಿಲ್ರೀ ಸಾಹೇಬ್ರ,” ಎಂದು ಅಮರಪ್ಪ ಮೀಸೆಯಡಿ ನಗುತ್ತಿದ್ದ. ಮಾರನೆಯ ದಿನ ನೋಡಿದರೆ ಆ ಸಾಮಾನನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಉಪ್ಪುಕಾಗದ ಹಾಕಿ ಉಜ್ಜಿ, ಮತ್ತೆ ಜೋಡಿಸಿಟ್ಟಿರುತ್ತಿದ್ದ. “ನಿನ್ನ ಕೈಗೆ ಹುಳ ಬೀಳ,” ಎಂದು ಗಯಾಜ್ ಬೈಯುತ್ತಲೇ ಇಬ್ಬರಿಗೂ ಚಹಾ ತರಿಸುತ್ತಿದ್ದ. ಮುಟ್ಟಬೇಡ ಎಂದರೆ ಮುಟ್ಟಬೇಡ ಎಂದಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ಮಾತು.

ಈ ಸೀಟು ಬಂದದ್ದು ಒಂದು ಗುರುವಾರ, ಚೆನ್ನೈ ಕಡೆಯ ಗುಜರಿ ಲಾರಿಯಲ್ಲಿ, ಕಲಬೆರಕೆ ಸಾಮಾನಿನ ಅಡಿಯಲ್ಲಿ. ಯಾವುದೋ ಹಳೇ ಫೈಟರಿನ ಪೈಲಟ್ ಸೀಟು. ಹಸಿರು ಬಣ್ಣ ಸುಲಿದಿತ್ತು, ಬೆಲ್ಟಿನ ಪಟ್ಟಿ ಇಲಿ ತಿಂದಿತ್ತು. ಆದರೆ ಇಡೀ ಸೀಟು ಇತ್ತು, ತಲೆ ಒರಗುವ ದಿಂಬಿನವರೆಗೆ. ಗಯಾಜ್ ಅದರಲ್ಲಿ ಕೂತವನು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆ ಅಮರಪ್ಪ ಮನೆಗೆ ಹೊರಟ ಮೇಲೆ ಮೂರ್ತಿಯವರಿಗೆ ಫೋನು ಹೋಯಿತು.

ಅಂಜನಮೂರ್ತಿ ಏರ್‌ಫೋರ್ಸಿನಲ್ಲಿ ವಿಮಾನದ ಸೀಟುಗಳನ್ನೇ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಈಗ ಹೊರಮಾವಿನಲ್ಲಿ ಮಗಳ ಮನೆ. ಹುಚ್ಚು ಗಯಾಜನದ್ದೇ, ತೂಕ ಸ್ವಲ್ಪ ಕಡಿಮೆ. ಒಳಕೋಣೆಗೆ ಬಂದವರು ಸೀಟಿಗೆ ಒಂದು ಸುತ್ತು ಬಂದರು. ಹಿಂದೆ ಹೋಗಿ ಟಾರ್ಚು ಬಿಟ್ಟು ನೋಡಿದರು. ಎದ್ದು ನಿಂತಾಗ ಮುಖದ ಬಣ್ಣ ಬೇರೆಯಾಗಿತ್ತು.

“ಗಯಾಜ್ ಭಾಯ್, ಇದರ ಮೇಲೆ ಯಾರಾದ್ರೂ ಕೂತಿದ್ರಾ?”

“ನಾನೇ ಸಾರ್. ಬೆಳಿಗ್ಗೆಯಿಂದ ಎದ್ದೇ ಇಲ್ಲ.”

“ಇನ್ಮೇಲೆ ಕೂರ್ಬೇಡಿ. ಪ್ಲೇನ್ ಬೀಳೋವಾಗ ಪೈಲಟ್ ಹಿಡಿ ಎಳೀತಾನೆ, ಹಿಂದಿನ ಈ ಕೊಳವೇಲಿರೋ ಮದ್ದು ಸಿಡಿದು ಸೀಟು ಸಮೇತ ಅವನನ್ನ ಹೊರಗೆ ಎಸೆಯುತ್ತೆ. ಗುಜರಿಗೆ ಹಾಕೋ ಮುಂಚೆ ಮದ್ದು ತೆಗೀಬೇಕು. ಇದ್ರಲ್ಲಿ ತೆಗೆದಿಲ್ಲ. ಸೀಲು ಹಾಗೇ ಇದೆ.”

“ಅಷ್ಟು ಹಳೇ ಮದ್ದು, ಇನ್ನೂ ಜೀವ ಇರುತ್ತಾ ಸಾರ್?”

“ಹಳೇದಾದಷ್ಟೂ ನಂಬೋಕಾಗಲ್ಲ. ಸಿಡಿಯದ ಹಾಗೆ ಈ ಪಿನ್ನು ಹಿಡ್ಕೊಂಡಿದೆ, ಅಷ್ಟೇ. ಪೊಲೀಸ್ನೋರಿಗೆ ಹೇಳ್ಬೇಕು. ಅವರು ಗೊತ್ತಿರೋರನ್ನ ಕರ್ಕೊಂಡು ಬರ್ತಾರೆ.”

“ಬಂದ್ರೆ ಸೀಟು ಬಿಟ್ಟು ಹೋಗ್ತಾರಾ?”

ಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. “ಇಲ್ಲ. ತಗೊಂಡು ಹೋಗ್ತಾರೆ.”

ಆಗ ಗಯಾಜ್ ಬೇಡಿಕೊಂಡ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಅಂಗಲಾಚಿರಲಿಲ್ಲ. ಭಾನುವಾರದವರೆಗೆ ಇರಲಿ ಸಾರ್, ಮುಟ್ಟಲ್ಲ, ಬರೀ ನೋಡ್ತೀನಿ. ಬೇಡ ಎನ್ನಬೇಕಾಗಿದ್ದ ಮನುಷ್ಯ ದಿಂಬಿನ ಮೇಲೆ ಅಂಗೈ ಇಟ್ಟುಕೊಂಡು ನಿಂತುಬಿಟ್ಟರು. “ಇಂಥ ಸೀಟಲ್ಲಿ ಚಿಕ್ಕ ಚಿಕ್ಕ ಹುಡುಗರನ್ನ ಕೂರಿಸಿ ಬೆಲ್ಟ್ ಬಿಗೀತಿದ್ದೆ. ಬಿಗಿಯಾಯ್ತಾ ಅಂದ್ರೆ ಹೆಬ್ಬೆರಳು ತೋರಿಸೋರು,” ಎಂದರು. ಕೊನೆಗೆ, ಸೋಮವಾರ ಬೆಳಿಗ್ಗೆ ಮೂರ್ತಿಯವರೇ ಪೊಲೀಸರಿಗೆ ಫೋನ್ ಮಾಡುವುದು, ಅಲ್ಲಿಯವರೆಗೆ ಒಳಕೋಣೆಗೆ ಬೀಗ ಎಂದಾಯಿತು. ಇಬ್ಬರಿಗೂ ಬುದ್ಧಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಕೇಳುತ್ತಿದ್ದರು ಎಂದೂ ಅಲ್ಲ.

ಬೀಗ ಬಿತ್ತು. ಅದರ ಇನ್ನೊಂದು ಕೀ ಮಾತ್ರ ಅಮರಪ್ಪನ ಉಡಿದಾರದಲ್ಲಿತ್ತು. ಕೊಡು ಎಂದು ಕೇಳಿದರೆ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ಅದು ಸಾಬಮ್ಮನಿಗೆ ಹೋಗುತ್ತದೆ, ಸಾಬಮ್ಮನಿಂದ ನೂರ್ಜಹಾನಳಿಗೆ. ಆಮೇಲೆ ಸೋಮವಾರದ ಮಾತಿರಲಿ, ಮಧ್ಯಾಹ್ನದೊಳಗೆ ಠಾಣೆಯವರು ಬಾಗಿಲಲ್ಲಿ. ಗಯಾಜ್ ಇಷ್ಟನ್ನೂ ಕೂತು ಲೆಕ್ಕ ಹಾಕಿದ. ಹಾಕಿ, ಶುಕ್ರವಾರ ಬೆಳಿಗ್ಗೆ ಅಮರಪ್ಪನನ್ನು ಕರೆದು ಹೇಳಿದ್ದು ಇಷ್ಟೇ.

“ಒಳಗಿರೋ ಸೀಟು ಮುಟ್ಬೇಡ.”

“ಮುಟ್ಟಂಗಿಲ್ರೀ ಸಾಹೇಬ್ರ.”

ಮೀಸೆಯಡಿ ಅದೇ ನಗು. ಗಯಾಜ್ ಅವನ ತೋಳು ಹಿಡಿದ. “ಈ ಸಲ ನಿಜವಾಗ್ಲೂ ಕಣೋ,” ಎಂದ. “ಹೂನ್ರಿ, ನಿಜವಾಗ್ಲೂ,” ಎಂದ ಅಮರಪ್ಪ, ಇನ್ನೂ ನಗುತ್ತಲೇ. ಮದ್ದಿದೆ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಯಾರೋ ಗಿರಾಕಿ ಸೈಲೆನ್ಸರ್ ಕೇಳಿಕೊಂಡು ಬಂದ. ಗಯಾಜ್ ಆ ಕಡೆ ತಿರುಗಿದ, ಒಂದು ಥರದಲ್ಲಿ ಬಚಾವಾದೆ ಅಂದುಕೊಂಡೇ ತಿರುಗಿದ.

ಶುಕ್ರವಾರ, ಶನಿವಾರ ಅವನು ಸೀಟಿನೆದುರು ಸ್ಟೂಲು ಹಾಕಿಕೊಂಡು ಕೂತ. ವ್ಯಾಪಾರದ ಕಡೆ ಗಮನವಿಲ್ಲ, ಅನ್ನ ಸೇರುತ್ತಿಲ್ಲ. ಅಮರಪ್ಪ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಶನಿವಾರ ಸಂಜೆ ಶಟರು ಎಳೆಯುವಾಗ ಮೆಲ್ಲಗೆ ಕೇಳಿದ, “ಸೀಟು ಯಾರರ ಒಯ್ತಾರೇನ್ರಿ?”

“ಸೋಮವಾರ,” ಎಂದ ಗಯಾಜ್. ಅವನ ಕಣ್ಣು ತುಂಬಿತ್ತು. ಅಮರಪ್ಪ ಅದನ್ನು ನೋಡಿದ, ಬಗ್ಗಿ ಶಟರಿಗೆ ಬೀಗ ಹಾಕಿದ.

ಭಾನುವಾರ ಗುಜರಿ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾಬಮ್ಮನೂ ಅಮರಪ್ಪನ ಜೊತೆ ಬಂದಿದ್ದಳು. ಭಾನುವಾರ ರಸೆಲ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಕೊಂಡು, ಅಂಗಡಿಯಲ್ಲೇ ಕಾದು, ಗಂಡನೊಂದಿಗೆ ಬಸ್ಸು ಹತ್ತುವುದು ಅವಳ ವಾಡಿಕೆ. ಹನ್ನೊಂದರ ಸುಮಾರಿಗೆ ಅಮರಪ್ಪ, “ಸಾಹೇಬ್ರ, ಗಡ್ಡ ನೋಡ್ರಿ ಹೆಂಗ ಬೆಳದದ. ಹೋಗಿ ಕ್ಷೌರ ಮಾಡಿಸ್ಕೊಂಡು ಬರ್ರಿ, ಅಂಗಡಿ ನಾ ನೋಡ್ಕೋತೀನಿ,” ಎಂದ. ಗಯಾಜನಿಗೂ ಕೂತು ಕೂತು ಬೇಸರ ಬಂದಿತ್ತು, ಎದ್ದು ಹೋದ.

ಅರ್ಧ ಕೆನ್ನೆ ಆಗಿತ್ತು, ಕ್ಷೌರದಂಗಡಿಯ ಕನ್ನಡಿ ಗಡಗಡ ಅಲುಗಿತು. ಸದ್ದು ಆಮೇಲೆ ಕೇಳಿಸಿತು. ಸಿಲಿಂಡರು, ಸಿಲಿಂಡರು ಎಂದು ಯಾರೋ ಕೂಗಿಕೊಂಡು ಓಡಿದರು. ಗಯಾಜನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊರಳಿನ ಟವೆಲ್ಲು, ಮುಖದ ನೊರೆ ಸಮೇತ ಓಡಿದ. ಓಡುತ್ತ ಯಾ ಅಲ್ಲಾ, ಯಾ ಅಲ್ಲಾ ಎನ್ನುತ್ತಿದ್ದ. ಏನು ಬೇಡುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ.

ಒಳಕೋಣೆಯ ಬಾಗಿಲು ತೆರೆದಿತ್ತು, ಅಮರಪ್ಪನ ಕೀ ಬೀಗದಲ್ಲೇ ನೇತಾಡುತ್ತಿತ್ತು. ಹೊಗೆ, ಪಟಾಕಿಯಂಥ ಘಾಟು. ನೆಲದ ಮೇಲೆ ಸೀಮೆಎಣ್ಣೆಯ ಬಟ್ಟಲು ಉರುಳಿತ್ತು. ಪಕ್ಕದಲ್ಲಿ ಉಪ್ಪುಕಾಗದದ ಚೂರು, ಅದರ ಮೇಲೆ ಆ ಪಿನ್ನು, ತುಕ್ಕೆಲ್ಲ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಸೀಟಿದ್ದ ಜಾಗದಲ್ಲಿ ಸೀಟಿರಲಿಲ್ಲ. ಜನ ಬಾಗಿಲಲ್ಲೇ ನಿಂತಿದ್ದರು, ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಒಳಗಿದ್ದವಳು ಸಾಬಮ್ಮ ಒಬ್ಬಳೇ. ಮಾರ್ಕೆಟ್ಟಿನ ಚೀಲ ಬಿಸುಟು ನೆಲದ ಮೇಲೆ ಕೂತಿದ್ದಳು.

ಗಯಾಜ್ ಮೇಲೆ ನೋಡಿದ. ಸೂರಿನ ತಗಡು ಬಾಯಿಬಿಟ್ಟು ಹೊರಕ್ಕೆ ಮಗುಚಿಕೊಂಡಿತ್ತು, ಆ ತೂತಿನಲ್ಲಿ ಬಿಸಿಲು ಸುರಿಯುತ್ತಿತ್ತು. ಎಷ್ಟು ವರ್ಷಗಳ ಮೇಲೆ, ಗುಜರಿಯ ಹೊಟ್ಟೆಯಿಂದ, ಅದು ಹಾರಿತ್ತು. ಅವನ ಎದೆ ಹಿಗ್ಗಿತು. ಎಷ್ಟು ಹೊತ್ತು ಎಂದರೆ ಒಂದು ಉಸಿರಿನಷ್ಟು. ಆದರೆ ಹಿಗ್ಗಿದ್ದು ಹಿಗ್ಗಿತು, ಸುಳ್ಳು ಯಾಕೆ. ಆ ಉಸಿರು ಹೊರಗೆ ಬರುವಾಗ ಮಾತನ್ನೂ ಎಳೆದುಕೊಂಡು ಬಂತು.

“ಸೀಟೆಲ್ಲಿ ಬಿತ್ತು?”

ಸಾಬಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಗಯಾಜನಿಗೆ ಎಷ್ಟೋ ವಾಸಿಯಾಗುತ್ತಿತ್ತು. ದಾರಿ ಕೇಳಿದವರಿಗೆ ಹೇಳುವಂತೆ ಮೆತ್ತಗೆ ಹೇಳಿದಳು.

“ಬಾಜೂ ಅಂಗಡಿ ಮಾಳಗಿ ಮ್ಯಾಲ ಬಿದ್ದದ ನೋಡ್ರಿ ಸಾಹೇಬ್ರ. ಭಾಳ ಏನೂ ಮುರದಿಲ್ಲಂತ.” ಸೆರಗಿನಿಂದ ಏನನ್ನೋ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. “ಇಂವ ಇಲ್ಲಿ ಅದಾನ್ರಿ.”

ಆಗ ಗಯಾಜ್ ಕೆಳಗೆ ನೋಡಿದ.