ಹಾಕದ ಚುಟಿಗೆ

ಕಿವಿಗಳು ಗಪ್ಪೆಂದು ಮುಚ್ಚಿಕೊಂಡವು, ಅಂದರೆ ರೈಲು ಕೊಲ್ಲಿಯ ನೀರಿನ ಕೆಳಗಿನ ಸುರಂಗಕ್ಕೆ ಇಳಿಯಿತು, ಉಗುಳು ನುಂಗು ಅಂತ ಮಗಳಿಗೆ ಹೇಳಬೇಕು ಅಂದುಕೊಂಡಳು ಆರತಿ, ಆದರೆ ನಿಹಾರಿಕಾ ಅವಳ ಭುಜಕ್ಕೆ ಒರಗಿ ಆಗಲೇ ನಿದ್ದೆಹೋಗಿದ್ದಾಳೆ, ಒಂಬತ್ತು ವರ್ಷದ ಹುಡುಗಿ, ಎಷ್ಟು ಭಾರ — ಲಾಯರಮ್ಮನ ಆಫೀಸಿನ ಏಸಿ ಇನ್ನೂ ಮೊಣಕೈಯಲ್ಲಿ ಕೂತಿದೆ, ಎಷ್ಟು ಮೆತ್ತಗೆ ಮಾತಾಡುತ್ತಾಳೆ ಆಕೆ, ಮೆತ್ತಗೆ ಮಾತಾಡುವವರನ್ನು ಕಂಡರೇ ಈಗ ಭಯ, ಆವತ್ತು, ಇವಳು ಕೂಸಾಗಿದ್ದಾಗ, ಡಾಕ್ಟರೂ ಹೀಗೇ ಕೇಳಿದ್ದ, ಕೂಸಿನ ಹೊಕ್ಕುಳ ಪಕ್ಕದ ಈ ದುಂಡು ಗಾಯ ಹೇಗಾಯಿತು — ಕಡಲೆಕಾಳಿನಷ್ಟು, ಅಂಚು ಸುಟ್ಟು ಕಪ್ಪಾದದ್ದು — ಕೇಳಿ ಹೊರಗೆ ಹೋದವನು ಪೊಲೀಸರ ಜೊತೆ ಬಂದ. ಚುಟಿಗೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ, ಕೂಸು ಹೊಟ್ಟೆಯುಬ್ಬರಿಸಿ ಅತ್ತರೆ ನಮ್ಮ ಕಡೆಯ ಮುದುಕಿಯರು ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಹೊಟ್ಟೆಯ ಮೇಲೆ ಚುಯ್ಯೆನ್ನಿಸುತ್ತಾರೆ ಅಂತ ಯಾರಿಗೆ ಬಿಡಿಸಿ ಹೇಳುವುದು, ಗದಗಿನಿಂದ ಈ ದೇಶಕ್ಕೆ ಬಾಣಂತನಕ್ಕೆ ಬಂದ ಅವ್ವ, ದಾನವ್ವ, ಆರತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಯಾರನ್ನೂ ಕೇಳದೆ ಹಾಕಿಬಿಟ್ಟಿದ್ದಳು — ಒಳಗೆ ನಡೆದದ್ದು ತಿಳಿಯದೆ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು, ಗಂಡ ಅಜಯ ಕಿವಿಯ ಹತ್ತಿರ ಬಂದು, ಈ ವಯಸ್ಸಿನ್ಯಾಗ ನಿಮ್ಮವ್ವನ್ನ ಜೈಲಿಗೆ ಕಳಸ್ತೀ ಏನು, ಅಂದ, ನಾನೇ ಮಾಡಿದೆ ಅಂತ ಪೊಲೀಸರಿಗೆ ಅಂದುಬಿಟ್ಟಳು ಆರತಿ, ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವ್ವ ಊರಿಗೆ ಹೋದಳು, ಅಪರಾಧ ಇಲ್ಲೇ ಉಳಿಯಿತು.

ಧಾರವಾಡದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ನೆವಾರ್ಕಿನ ಡೇಕೇರಿನವರು ನಾಳೆಯೇ ಬಾ ಅಂದಿದ್ದರು, ಬೆರಳಚ್ಚು ಕೊಟ್ಟು ಹಳೆಯ ಕೇಸು ಕಂಡ ಮೇಲೆ ಫೋನೇ ಎತ್ತಲಿಲ್ಲ, ಮತ್ತೆ ಮಕ್ಕಳ ನಡುವೆ ಕೂರಬೇಕು, ಅಷ್ಟೇ ಆಸೆ, ಅದಕ್ಕೇ ಆ ಕೇಸನ್ನು ಅಳಿಸಿಹಾಕಿ ಅಂತ ಕೋರ್ಟಿಗೆ ಈ ಅರ್ಜಿ — ಅಳಿಸಿದರೂ ಡೇಕೇರಿಗೆ ಲೈಸೆನ್ಸು ಕೊಡುವವರಿಗೆ ಕಾಣುತ್ತದೆ, ಅವರು ಕರಗಬೇಕೆಂದರೆ ಪಶ್ಚಾತ್ತಾಪ ವಿವರವಾಗಿರಬೇಕು, ಏನನ್ನು ಕಾಯಿಸಿದೆ, ಹೇಗೆ ಹಿಡಿದೆ, ಮಗು ಚೀರಿದಾಗ ಏನನ್ನಿಸಿತು, ಅಂತ ಹೋದ ತಿಂಗಳೇ ಹೇಳಿದ್ದಳು ಲಾಯರಮ್ಮ. ನಾನು ಮಾಡಿಯೇ ಇಲ್ಲ ಅಂದರೆ, ಅಂತ ಆರತಿ ಸುಮ್ಮನೆ ಕೇಳುವಂತೆ ಕೇಳಿದ್ದಕ್ಕೆ ಪೆನ್ನು ಕೆಳಗಿಟ್ಟು, ತಪ್ಪು ಒಪ್ಪದವರನ್ನು ಯಾರೂ ಕ್ಷಮಿಸುವುದಿಲ್ಲ, ಆ ಮಾತು ನನ್ನ ಕಿವಿಗೆ ಬಿದ್ದಿಲ್ಲ, ಅಂದಳು. ಮಾಡದ್ದನ್ನು ಬಣ್ಣಿಸುವುದು ಹೇಗೆ, ಕೊನೆಗೆ ಅವ್ವನಿಗೇ ಫೋನು ಮಾಡಿ ಬಾಯಿ ಬಿಡಿಸಿದಳು, ದೀಪಕ್ಕ ಹಿಡದೆ, ತುದಿ ಕೆಂಪಾತು, ಹಗೂರಕ ಇಟ್ಟೆ, ಕೂಸು ಒಮ್ಮೆ ಚೀರಿ ಮಲಗಿಬಿಡ್ತು, ಅವತ್ತ ನಾ ಇದ್ದೆ ಅಂತ ಉಳೀತು ನೋಡವಾ — ಎಂಥ ಹೆಮ್ಮೆ, ಕೇಸು ಆದದ್ದೇ ಅವ್ವನಿಗೆ ಗೊತ್ತಿಲ್ಲ, ಡಾಕ್ಟರು ಬೈದು ಬಿಟ್ಟರು ಅಂತಷ್ಟೇ ಹೇಳಿದ್ದರು ಗಂಡ ಹೆಂಡತಿ, ಆರತಿ ಎಲ್ಲ ಕೇಳಿಕೊಂಡು ಪರೀಕ್ಷೆಗೆ ಓದುವವಳ ಹಾಗೆ ಬಾಯಿಪಾಠ ಮಾಡಿದಳು, ತುದಿ ಕೆಂಪಾಯಿತು, ಮೆಲ್ಲಗೆ ಇಟ್ಟೆ.

ಇವತ್ತು ಮಗಳನ್ನೂ ಕರೆದುಕೊಂಡು ಬಾ ಅಂದಿದ್ದಳು, ನ್ಯಾಯಾಧೀಶರ ಎದುರು ಅವಳೂ ಎರಡು ಮಾತಾಡಿದರೆ ಒಳ್ಳೆಯದಂತೆ, ನಿಹಾರಿಕಾ ಆಫೀಸಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಾಮ್ ಬರ್ನ್ಡ್ ಮಿ ವೆನ್ ಐ ವಾಸ್ ಎ ಬೇಬಿ, ಐಯಾಮ್ ನಾಟ್ ಮ್ಯಾಡ್ ಎನಿಮೋರ್, ಅಂದಳು, ಪರ್ಫೆಕ್ಟ್ ಅಂದಳು ಲಾಯರಮ್ಮ — ಅಜ್ಜಿಯ ಮೇಲಿನ ಪ್ರೀತಿ ಕೆಡದಿರಲಿ ಅಂತ ಮಗಳಿಗೂ ಅದೇ ಸುಳ್ಳನ್ನು ಕೊಟ್ಟಿದ್ದರು, ಎನಿಮೋರ್, ಹಾಗಾದರೆ ಎಲ್ಲಿಯವರೆಗೆ ಸಿಟ್ಟಿತ್ತು ಇದಕ್ಕೆ, ಅಭ್ಯಂಜನಕ್ಕೆ ಎಣ್ಣೆ ಹಚ್ಚುವಾಗ, ಲಂಗ ಕಟ್ಟುವಾಗ, ಅಮ್ಮಾ ಅಂತ ಕೊರಳಿಗೆ ಬೀಳುವಾಗಲೂ ಇತ್ತೇ, ಈಗಲೇ ಎಬ್ಬಿಸಿ ಹೇಳಿಬಿಡಲೇ, ನಾನಲ್ಲ ಪುಟ್ಟಾ, ಹೇಳಿದರೆ ಕೋರ್ಟಿನಲ್ಲಿ ಸುಳ್ಳು ಹೇಳುವ ಸರದಿ ಇವಳದಾಗುತ್ತದೆ, ಹೇಳದಿದ್ದರೆ — ಕಿವಿಗಳು ಬಿಟ್ಟುಕೊಂಡವು, ರೈಲು ಬೆಳಕಿಗೆ ಬಂತು, ಮಗಳ ಅಂಗಿ ಮೇಲೆ ಸರಿದಿದೆ, ಅವಳ ಜೊತೆಗೇ ಬೆಳೆದು ಅಗಲವಾದ ಆ ದುಂಡು ಕಲೆ, ಗಾಳಿ ತಾಗೀತೆಂದು ಅಂಗಿ ಎಳೆಯಲು ಆರತಿ ಕೈ ಚಾಚಿದಳು, ಬೆರಳು ಇನ್ನೂ ತಾಗಿಲ್ಲ, ನಿದ್ದೆಯಲ್ಲೇ ಮಗಳ ಅಂಗೈ ಬಂದು ಕಲೆಯನ್ನು ಮುಚ್ಚಿಕೊಂಡಿತು, ಪುಟ್ಟ ಅಂಗೈ, ಗಟ್ಟಿಯಾಗಿ, ಅಮ್ಮನ ಬೆರಳಿಗೆ ಜಾಗವಿಲ್ಲದಂತೆ.